ಅಣ್ಣನ ಗಿಟಾರಿಗೆ ಹೊಸ ಪಿಕಪ್

ಅಣ್ಣ ಮೊದಲು ಅನುಮಾನಪಟ್ಟಿದ್ದು ತನ್ನ ಕಿವಿಯನ್ನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನಡೆದದ್ದನ್ನು ಹೇಳುವಾಗ ಕಥೆಯನ್ನು ನನ್ನ ಕಡೆಗೆ ವಾಲಿಸುವ ಆಸೆ ಬರುತ್ತದೆ, ವಾಲಿಸುವ ವಿದ್ಯೆಯೂ ನನಗೆ ಚೆನ್ನಾಗಿ ಗೊತ್ತಿದೆ.

ಗಣೇಶನ ಹಬ್ಬದ ಪ್ರೋಗ್ರಾಮುಗಳು ಮುಗಿದಿದ್ದವು. ಅಣ್ಣ ಒಂದು ಆರ್ಕೆಸ್ಟ್ರಾ ತಂಡದಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಾನೆ. ಪೆಂಡಾಲ್, ಮದುವೆ ರಿಸೆಪ್ಶನ್, ನವೆಂಬರ್ ಬಂತೆಂದರೆ ಬೀದಿಗೊಂದು ರಾಜ್ಯೋತ್ಸವ. ಉಳಿದ ದಿನ ಗಂಗಾನಗರದ ಒಂದು ಮನೆಯ ಮಹಡಿಯಲ್ಲಿ ಮಕ್ಕಳಿಗೆ ಪಾಠ. ಅವತ್ತು ಸಂಜೆ ಕೊಡಿಗೇಹಳ್ಳಿಯ ನಮ್ಮ ಬಾಡಿಗೆ ಮನೆಯ ಮೆಟ್ಟಿಲ ಮೇಲೆ ಕೂತು, ಆಂಪ್ಲಿಫೈಯರಿಗೆ ಸಿಕ್ಕಿಸಿದ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು, ಅತಿ ದಪ್ಪ ತಂತಿಯೊಂದನ್ನೇ ಮತ್ತೆ ಮತ್ತೆ ಮೀಟುತ್ತಿದ್ದ.

"ಲೇ, ನನ್ನ ಕಿವೀಲೇ ಏನೋ ಆಗಿದೆ ಅನ್ಸತ್ತೆ ಕಣೇ. ದಪ್ಪ ತಂತಿ ಸೌಂಡೇ ಇಲ್ಲ. ಕಿವಿಯೊಳಗೆ ಹತ್ತಿ ತುರುಕಿದಂಗಿದೆ. ಹೆಬ್ಬಾಳದಲ್ಲಿ ಯಾರಾದ್ರೂ ಡಾಕ್ಟರ್‌ಗೆ ತೋರಿಸ್ಲಾ?"

ಆಗ ನಾನು ಹೇಳಬೇಕಿದ್ದದ್ದು ಒಂದೇ ಮಾತು, 'ತೋರಿಸು.' ನಾನು ವಾದ ಮಾಡಿದೆ.

ಮೊದಲನೆಯದು: ಕಿವಿ ಕೆಟ್ಟರೆ ಎಲ್ಲ ಸದ್ದೂ ಕೆಡಬೇಕು. ನನ್ನ ಮಾತು ಕೇಳಿಸುತ್ತಿದೆ, ಕುಕ್ಕರ್ ಸೀಟಿ ಕೇಳಿಸುತ್ತಿದೆ, ಗಿಟಾರಿನದ್ದು ಮಾತ್ರ ಕೇಳಿಸುವುದಿಲ್ಲ ಅಂದರೆ ಕೆಟ್ಟಿರುವುದು ಗಿಟಾರು. ಎರಡನೆಯದು: ಅದು ಸೆಕೆಂಡ್ ಹ್ಯಾಂಡ್ ಗಿಟಾರು, ಹನ್ನೆರಡು ವರ್ಷದಿಂದ ಪೆಂಡಾಲಿನ ಮಳೆ, ಧೂಳು, ಟೆಂಪೋ ಸವಾರಿ ಎಲ್ಲ ಕಂಡಿದೆ. ಮೂರನೆಯದು: ಎಂಟು ರಾತ್ರಿ ಸ್ಪೀಕರಿನ ಪಕ್ಕ ನಿಂತವನಿಗೆ ನಾಲ್ಕು ದಿನ ಕಿವಿ ಗುಂಯ್ ಅನ್ನುವುದು ಸಹಜ, ಅದಕ್ಕೆಲ್ಲ ಆಸ್ಪತ್ರೆಗೆ ಓಡುವವರು ಹೆದರುಪುಕ್ಕಲರು. ಹತ್ತು ನಿಮಿಷದಲ್ಲಿ ಅಣ್ಣ ಒಪ್ಪಿದ. ಒಪ್ಪುವಾಗ ಅವನ ಮುಖ ಹಗುರಾಗಿದ್ದನ್ನು ನೋಡಿದೆ. ನನಗೂ ಎದೆ ಹಗುರಾಯಿತು.

ಕಾಲೇಜಿನ ಚರ್ಚಾ ತಂಡದಲ್ಲಿ ನಮಗೆ ಪಕ್ಷ ಚೀಟಿಯಲ್ಲಿ ಬರುತ್ತದೆ. ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಹದಿನೈದು ನಿಮಿಷದ ತಯಾರಿಯಲ್ಲಿ ಅದನ್ನೇ ನಂಬುವಷ್ಟು ವಾದ ಕಟ್ಟಬೇಕು. ನಾಲ್ಕು ವರ್ಷ ಇದನ್ನೇ ಮಾಡಿದ್ದೇನೆ. ದೇವರು, ಜಾತಕ, ವಾಸ್ತು, ಅಪ್ಪನ ಫ್ಯಾಕ್ಟರಿಯ ಯೂನಿಯನ್ನು, ಯಾವುದನ್ನೂ ಪ್ರಶ್ನೆ ಕೇಳದೆ ಬಿಟ್ಟವಳಲ್ಲ. ಆದರೆ ಅವತ್ತು ಮೆಟ್ಟಿಲ ಮೇಲೆ ಯಾರೂ ಚೀಟಿ ಕೊಟ್ಟಿರಲಿಲ್ಲ. 'ಗಿಟಾರೇ ಕೆಟ್ಟಿದೆ' ಅನ್ನುವ ಪಕ್ಷವನ್ನು ನಾನೇ ಆರಿಸಿಕೊಂಡೆ, ಏಕೆಂದರೆ ಇನ್ನೊಂದು ಪಕ್ಷದ ಕಡೆ ತಿರುಗಿ ನೋಡಲು ಧೈರ್ಯವಿರಲಿಲ್ಲ. ಅಣ್ಣ ಡಿಪ್ಲೊಮಾವನ್ನು ಅರ್ಧಕ್ಕೆ ಬಿಟ್ಟವನು. ಹದಿನೇಳಕ್ಕೆ ಗಿಟಾರ್ ಹಿಡಿದವನಿಗೆ ಬೇರೆ ಕೆಲಸ ಬಾರದು, ಬೇಕಾಗಿಯೂ ಇಲ್ಲ. ಆ ಕಿವಿ ಹೋದರೆ ಅವನಲ್ಲಿ ಏನು ಉಳಿಯುತ್ತದೆ ಅನ್ನುವ ಪ್ರಶ್ನೆಯ ಹತ್ತಿರ ನನ್ನ ಬುದ್ಧಿ ಹೋಗಿ ಹೋಗಿ ವಾಪಸ್ ಬರುತ್ತಿತ್ತು.

ಇನ್ನೊಂದು ವಿಷಯ. ಅವನು ಮೀಟಿದ ದಪ್ಪ ತಂತಿ ನನಗೆ ಸರಿಯಾಗೇ ಕೇಳಿಸಿತ್ತು. ಎದೆಗೆ ತಾಗುವಷ್ಟು ಸರಿಯಾಗಿ. ಅದಕ್ಕೂ ಒಂದು ಉತ್ತರ ಹುಡುಕಿಕೊಂಡೆ: ಅವನದ್ದು ಪಳಗಿದ ಕಿವಿ, ನನ್ನದು ಬರೀ ಕಿವಿ, ನನಗೆ ದೋಷ ಕೇಳಿಸದಿದ್ದರೆ ದೋಷವೇ ಇಲ್ಲ ಎಂದು ಹೇಗೆ ಹೇಳುವುದು?

ಮುಂದಿನ ವಾರಗಳಲ್ಲಿ ಹೊಸ ತಂತಿ ಹಾಕಿದೆವು, ಉಪಯೋಗವಾಗಲಿಲ್ಲ. ಕೇಬಲ್ ಬದಲಿಸಿದೆವು, ಇಲ್ಲ. ತಂಡದ ಕೀಬೋರ್ಡಿನವರಿಂದ ಬೇರೆ ಆಂಪ್ಲಿಫೈಯರ್ ಕೇಳಿ ತಂದೆವು, ಇಲ್ಲ. ಪ್ರತಿ ಸೋಲನ್ನೂ ನಾನು ಗೆಲುವಿನ ಲೆಕ್ಕಕ್ಕೆ ಸೇರಿಸಿದೆ. ನೋಡು, ಒಂದೊಂದಾಗಿ ತೆಗೆದುಹಾಕ್ತಾ ಇದೀವಿ, ಕೊನೆಗೆ ಉಳಿಯುವುದೇ ಕಾರಣ ಎಂದು ಅವನಿಗೆ ಪಾಠ ಹೇಳಿದೆ. ಈ ಮಧ್ಯೆ ಒಂದು ದಿನ ವಿದ್ಯಾರಣ್ಯಪುರದಿಂದ ಬರುವಾಗ, ಕಿಟಕಿ ಗಾಜೆಲ್ಲ ಗಡಗಡ ಅದುರುತ್ತಿದ್ದ ಹಳೇ ಡೀಸೆಲ್ ಬಸ್ಸಿನಲ್ಲಿ ಕೂತು, "ಇದೂ ಎಲೆಕ್ಟ್ರಿಕ್ ಬಸ್ಸಾ? ಇಂಜಿನ್ ಸೌಂಡೇ ಇಲ್ವಲ್ಲ" ಅಂದ. ನಾನು ಜೋಕ್ ಎಂದು ನಕ್ಕೆ. ಅವನೂ ನಕ್ಕ, ಆದರೆ ನಾನು ನಕ್ಕ ಮೇಲೆ ನಕ್ಕ. ಇನ್ನೊಂದು ಬೆಳಿಗ್ಗೆ ಮೆಟ್ಟಿಲಿಳಿಯುವಾಗ ತಲೆ ತಿರುಗಿ ಗೋಡೆ ಹಿಡಿದುಕೊಂಡ. ನಿದ್ದೆಗೆಟ್ಟಿದ್ದಾನೆ ಎಂದು ನಾನೇ ತೀರ್ಪು ಕೊಟ್ಟೆ.

ಕೊನೆಗೆ ಉಳಿದದ್ದು ಪಿಕಪ್. ತಂತಿಗಳ ಕೆಳಗೆ ಗಿಟಾರಿನ ಮೈಯಲ್ಲಿ ಹುದುಗಿರುವ ಎರಡು ಡಬ್ಬಿಗಳವು. ಒಳಗೆ ಆಯಸ್ಕಾಂತ, ಅದರ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯ ಸಾವಿರಾರು ಸುತ್ತು. ಮೇಲೆ ತಂತಿ ಅದುರಿದರೆ ಇದರಲ್ಲಿ ಕರೆಂಟು ಹುಟ್ಟುತ್ತದೆ, ಅದೇ ಸ್ಪೀಕರಿಗೆ ಹೋಗಿ ಸದ್ದಾಗುತ್ತದೆ. ಇದು ಕೆಟ್ಟಿದ್ದರೆ ಎಲ್ಲಕ್ಕೂ ಉತ್ತರ ಸಿಕ್ಕಂತೆ.

ನಮ್ಮ ಬೀದಿಯ ಕೊನೆಯಲ್ಲಿ ಮಿಕ್ಸಿ, ಟಿವಿ, ಪೆಂಡಾಲಿನ ಸ್ಪೀಕರ್ ರಿಪೇರಿ ಮಾಡುವ ಯಜಮಾನರೊಬ್ಬರಿದ್ದಾರೆ. ಕೊಡಿಗೇಹಳ್ಳಿ ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇರುವವರು. ಅಣ್ಣ ಪಾಠಕ್ಕೆ ಹೋಗಿದ್ದಾಗ ಗಿಟಾರನ್ನು ಅವರಲ್ಲಿಗೆ ಹೊತ್ತುಕೊಂಡು ಹೋದೆ. ಹಿಂದಿನ ಮುಚ್ಚಳ ಬಿಚ್ಚಿ, ಮೀಟರಿನ ಎರಡು ಕಡ್ಡಿ ಇಟ್ಟು ನೋಡಿದರು. ಆಮೇಲೆ ಒಂದು ಸ್ಪೀಕರಿಗೆ ಸಿಕ್ಕಿಸಿ, ಹೆಬ್ಬೆರಳಲ್ಲಿ ದಪ್ಪ ತಂತಿ ಮೀಟಿದರು. ಅಂಗಡಿಯ ತಗಡಿನ ಶಟರ್ ಝುಂ ಅಂದಿತು.

"ಇದ್ರಾಗೇನೂ ಇಲ್ಲ ಕಣವ್ವ. ಚೆನ್ನಾಗೇ ಐತೆ. ಬಾರ್ಸೋರ್ನ ಕೇಳು ಏನಾಗೈತೆ ಅಂತ."

ಮೀಟರು ತೋರಿಸುವುದು ತಂತಿ ಕಡಿದಿದೆಯೋ ಇಲ್ಲವೋ ಅನ್ನುವುದನ್ನು ಮಾತ್ರ, ಧ್ವನಿಯ ಗುಣವನ್ನಲ್ಲ ಎಂದು ಅವರ ಮೇಲೂ ಬಿದ್ದೆ. ಅವರು ನನ್ನನ್ನು ಒಂದು ಕ್ಷಣ ನೋಡಿ ಮೀಟರ್ ಆಫ್ ಮಾಡಿದರು. ಹೊಸದು ಹಾಕಲೇಬೇಕಾದರೆ ಸಾಲ್ಡ್ರಿಂಗ್ ಮಾಡಿ ಬೆಸೆಯುವುದನ್ನು ಕಲಿತುಕೋ ಎಂದು ಹಳೇ ಬೋರ್ಡೊಂದನ್ನು ಮುಂದೆ ಹಾಕಿ ಕೂರಿಸಿದರು. ನಾನು ಕಾದ ಐರನ್ನಿನ ತುದಿಯಲ್ಲಿ ಸೀಸ ಕರಗಿಸಿ ತಂತಿಯ ಮೇಲೆ ತೊಟ್ಟಿಕ್ಕಿಸುತ್ತಿದ್ದೆ. ಅದು ಮಣ್ಣಿನ ಉಂಡೆಯ ಹಾಗೆ ಮಂಕಾಗಿ ಕೂರುತ್ತಿತ್ತು, ಎಳೆದರೆ ಕಿತ್ತು ಬರುತ್ತಿತ್ತು.

"ಅಂಗಲ್ಲ, ಇಂಗೆ. ಸೀಸ ಕಾಯಿಸ್ಬ್ಯಾಡ, ತಂತಿ ಕಾಯ್ಸು. ತಂತಿ ಬಿಸಿಯಾದ್ರೆ ಸೀಸ ತಾನಾಗೇ ಕರಗಿ ಅರೀತದೆ," ಎಂದು ನನ್ನ ಕೈ ಹಿಡಿದು ತೋರಿಸಿದರು. ಮೂರು ಸಂಜೆ ಹೋಗಿ ಕಲಿತೆ.

ಪಿಕಪ್‌ಗಳನ್ನು ಆನ್‌ಲೈನಿನಲ್ಲಿ ತರಿಸಿದೆ. ಒಂದೇ ಕಂಪನಿಯ ಜೋಡಿ ಸಿಗಲಿಲ್ಲವೆಂದು ಬೇರೆ ಬೇರೆಯವರದ್ದು ಒಂದೊಂದು. ಬರುವುದಕ್ಕೆ ಒಂಬತ್ತು ದಿನ ಹಿಡಿಯಿತು. ಅಷ್ಟರಲ್ಲಿ ಅಕ್ಟೋಬರ್ ಕೊನೆಯಾಗಿತ್ತು. ತಂಡದಿಂದ ಫೋನ್ ಬರಲು ಶುರುವಾಗಿತ್ತು: ಪ್ರಾಕ್ಟೀಸಿನಲ್ಲಿ ಅಣ್ಣ ದಪ್ಪ ತಂತಿಗಳನ್ನು ಬಡಿಗೆಯಲ್ಲಿ ಹೊಡೆದ ಹಾಗೆ ಹೊಡೆಯುತ್ತಾನೆ, ಹಾಡುವವರಿಗೆ ಶ್ರುತಿಯೇ ಸಿಗುವುದಿಲ್ಲ, ಸರಿಪಡಿಸಿಕೊಳ್ಳದಿದ್ದರೆ ಈ ನವೆಂಬರಿಗೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ. ಅಣ್ಣ ಪ್ರತಿ ಸಲವೂ, ಪಿಕಪ್ ಹೋಗಿದೆ ಸರ್, ನಮ್ಮ ತಂಗಿ ಬದಲಾಯಿಸ್ತಾ ಇದಾಳೆ ಅನ್ನುತ್ತಿದ್ದ. ಪಕ್ಕದ ಕೋಣೆಯಲ್ಲಿದ್ದ ನನಗೆ ಅದೆಲ್ಲ ಕೇಳಿಸುತ್ತಿತ್ತು. ಆದರೂ ಎದ್ದು ಹೋಗಿ ಬೇರೆ ಮಾತು ಆಡಲಿಲ್ಲ.

ಭಾನುವಾರ ಬೆಳಿಗ್ಗೆ ನಡುಮನೆಯಲ್ಲಿ ಪೇಪರ್ ಹಾಸಿ ಗಿಟಾರನ್ನು ಬೋರಲು ಮಲಗಿಸಿದೆವು. ಒಳಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅಣ್ಣ ಮೊಬೈಲ್ ಟಾರ್ಚ್ ಹಿಡಿದು ಕೂತ, ಬಿಚ್ಚಿದ ಸ್ಕ್ರೂಗಳನ್ನೆಲ್ಲ ನನ್ನ ಡಿಬೇಟ್ ಕಪ್ಪಿನೊಳಗೆ ಹಾಕಿದ.

"ಇಷ್ಟು ವರ್ಷಕ್ಕೆ ಇದೊಂದು ಕೆಲಸಕ್ಕೆ ಬಂತು ನೋಡು," ಅಂದ.

"ಟಾರ್ಚ್ ಇತ್ಲಾಗ್ ಹಿಡಿ, ಸಾಕು."

ಹಳೆಯ ಬೆಸುಗೆ ಬಿಡಿಸುವುದೇ ಕಷ್ಟವಾಯಿತು. ವಾಲ್ಯೂಮ್ ನಾಬಿನ ಹಿಂಭಾಗದ ಲೋಹದ ಬಟ್ಟಲಿಗೆ ಅರ್ಥಿಂಗ್ ತಂತಿಗಳನ್ನೆಲ್ಲ ಬೆಸೆದಿರುತ್ತಾರೆ. ಅದು ಬೇಗ ಕಾಯುವುದಿಲ್ಲ, ಕಾದರೆ ಪಕ್ಕದ ತಂತಿಯ ಹೊದಿಕೆ ಸುಡುತ್ತದೆ. ಬೆಸುಗೆಗೆ ಹಚ್ಚುವ ಪೇಸ್ಟಿನ ಹೊಗೆ ಕಣ್ಣಿಗೆ ಹೊಡೆಯಿತು. ಹೆಬ್ಬೆರಳಿಗೆ ಐರನ್ ತಾಗಿ ಬೊಬ್ಬೆ ಬಂತು. ಅಣ್ಣ ನನ್ನ ಕೈ ಎಳೆದುಕೊಂಡು ಉಫ್ ಉಫ್ ಎಂದು ಊದಿದ. ಈ ಬೆಸುಗೆಯೊಂದು ಕೂತುಬಿಟ್ಟರೆ ಎಲ್ಲ ಮೊದಲಿನಂತಾಗುತ್ತದೆ ಎಂದು ಆ ಹೊತ್ತಿನಲ್ಲಿ ನಿಜಕ್ಕೂ ನಂಬಿದ್ದೆ. ಹರಕೆ ಹೊರುವವರನ್ನು ಆಡಿಕೊಂಡು ನಗುವವಳು ನಾನು.

ಹೊಸ ಪಿಕಪ್‌ಗಳಿಗೆ ಎರಡೆರಡು ತಂತಿ, ಕೆಂಪು ಮತ್ತು ಕಪ್ಪು. ಮೊದಲನೆಯದರ ಜೊತೆ ಬಂದ ಚೀಟಿಯಲ್ಲಿ ಕೆಂಪು ಸ್ವಿಚ್ಚಿಗೆ, ಕಪ್ಪು ಅರ್ಥಿಂಗಿಗೆ ಎಂದಿತ್ತು. ಹಾಗೇ ಬೆಸೆದೆ. ಎರಡನೆಯದಕ್ಕೂ ಹಾಗೇ ಬೆಸೆದೆ. ಅದರ ಡಬ್ಬಿಯಲ್ಲೂ ಒಂದು ಚೀಟಿ ಇತ್ತು. ಯಾರು ಏನು ಹೇಳಿದರೂ 'ಆಧಾರ ಏನು' ಎಂದು ಕೇಳುವ ನಾನು ಅದನ್ನು ಬಿಚ್ಚಿ ನೋಡಲಿಲ್ಲ. ಆ ಕಂಪನಿಯವರ ಕ್ರಮ ತಿರುಗುಮುರುಗಾಗಿತ್ತು.

ಹೀಗೆ ಬೆಸೆದರೆ ಏನಾಗುತ್ತದೆ ಎಂದರೆ: ಗಿಟಾರಿನಲ್ಲಿ ಮೂರು ಸ್ಥಾನದ ಸ್ವಿಚ್ಚೊಂದಿದೆ. ಮೇಲಕ್ಕೆ ತಳ್ಳಿದರೆ ಒಂದು ಪಿಕಪ್, ಕೆಳಕ್ಕೆ ತಳ್ಳಿದರೆ ಇನ್ನೊಂದು, ನಡುವೆ ನಿಲ್ಲಿಸಿದರೆ ಎರಡೂ ಒಟ್ಟಿಗೆ. ಒಂದೊಂದೇ ಇದ್ದಾಗ ತೊಂದರೆಯಿಲ್ಲ. ಎರಡೂ ಸೇರಿದಾಗ, ನಿಂತುಹೋದ ಕಾರನ್ನು ಒಬ್ಬ ಮುಂದಿನಿಂದ ಒಬ್ಬ ಹಿಂದಿನಿಂದ ತಳ್ಳಿದ ಹಾಗೆ, ಒಂದರ ಬಲವನ್ನು ಇನ್ನೊಂದು ತಿನ್ನುತ್ತದೆ. ದಪ್ಪ ಸದ್ದೆಲ್ಲ ಮಾಯವಾಗಿ ಸಿಪ್ಪೆ ಮಾತ್ರ ಉಳಿಯುತ್ತದೆ. ಇದೆಲ್ಲ ನಾನು ಆಮೇಲೆ ಓದಿ ತಿಳಿದದ್ದು.

ಮುಚ್ಚಳ ಹಾಕಿ, ತಂತಿ ಬಿಗಿದು, ಆಂಪ್ಲಿಫೈಯರಿಗೆ ಸಿಕ್ಕಿಸಿ ಅಣ್ಣನ ಕೈಗೆ ಕೊಟ್ಟೆ. ಅವನಿಗೆ ಇಷ್ಟವಾದದ್ದು ನಡುವಿನ ಸ್ಥಾನ. ಅಲ್ಲಿಗೇ ತಳ್ಳಿ ನುಡಿಸಿದ. ಬಂದ ಸದ್ದು ತಗಡಿನ ಡಬ್ಬಿಗೆ ತಂತಿ ಕಟ್ಟಿ ಕೆರೆದ ಹಾಗಿತ್ತು. ಅಡುಗೆಮನೆಯಲ್ಲಿ ಬಡಿತ ನಿಂತಿತು. ಗಿಟಾರಿಗೆ ಎಷ್ಟು ತಂತಿ ಎಂದೂ ಗೊತ್ತಿಲ್ಲದ ಅವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು.

"ಯಾಕೋ ತಮ್ಮಾ, ಹಳೇ ರೇಡಿಯೋ ಒದರಿದಂಗ ಕೇಳಾಕತ್ತೈತಲ್ಲ. ಮೊದಲಿಂದೇ ಚಲೋ ಇತ್ತು."

ಅಣ್ಣ ತಲೆಯೆತ್ತಿ ನನ್ನನ್ನು ನೋಡಿದ. "ಮೊದಲಿನ ಥರಾನೇ ಇದೆಯಲ್ಲ. ಏನೂ ಬದಲಾಗಿಲ್ಲ."

ದಪ್ಪ ಸದ್ದು ಮಾಯವಾದದ್ದು ಅವ್ವನಿಗೂ ಗೊತ್ತಾಯಿತು, ಅವನಿಗೆ ಗೊತ್ತಾಗಲಿಲ್ಲ. ನಲವತ್ತು ದಿನ ನಾನು ಕಟ್ಟಿದ್ದೆಲ್ಲ ಆ ಒಂದು ಮಾತಿಗೆ ಬಿತ್ತು. ಆದರೂ, ನಾಚಿಕೆಯಿಲ್ಲದೆ ಹೇಳುತ್ತೇನೆ, ಇನ್ನೊಂದು ಪರೀಕ್ಷೆ ಬೇಕೆನಿಸಿತು. ಗಿಟಾರ್ ಇಸಿದುಕೊಂಡು, ಗೋಡೆ ಕಡೆ ತಿರುಗಿ ಕೂರು ಅಂದೆ. ಚೂಪು ಸದ್ದೆಲ್ಲ ಅಡಗಿ ದಪ್ಪದ್ದು ಮಾತ್ರ ಉಳಿಯುವ ಹಾಗೆ ಟೋನ್ ನಾಬನ್ನು ಪೂರ್ತಿ ತಿರುಗಿಸಿದೆ. ಸ್ವಿಚ್ ಮೇಲಿಟ್ಟು ದಪ್ಪ ತಂತಿ ಮೀಟಿದೆ, ನೆಲದ ಮೇಲಿನ ಪೇಪರ್ ಅದುರಿತು. ನಡುವೆ ಇಟ್ಟು ಮೀಟಿದೆ, ಸದ್ದೇ ಇಲ್ಲದಷ್ಟು ಕ್ಷೀಣ. ಮತ್ತೆ ಮೇಲೆ, ಮತ್ತೆ ನಡುವೆ. ವ್ಯತ್ಯಾಸ ಹೇಳು ಅಂದೆ.

"ವ್ಯತ್ಯಾಸ ಎಲ್ಲಿದೆ? ಸ್ವಿಚ್ ಕ್ಲಿಕ್ ಅಂತಿದೆ, ಸೌಂಡ್ ಬದಲಾಗ್ತಾನೇ ಇಲ್ಲ. ಸ್ವಿಚ್ಚಿಗೇ ಕನೆಕ್ಷನ್ ಕೊಟ್ಟಿಲ್ಲ ಕಣೇ ನೀನು. ನಿನ್ನ ಸಾಲ್ಡ್ರಿಂಗ್ ಸರಿ ಇಲ್ಲ. ಬಿಚ್ಚಿ ಇನ್ನೊಂದ್ಸಲ ಮಾಡೋಣ ಬಾ."

ಅವನ ಬೆನ್ನು ನನ್ನ ಕಡೆಗಿತ್ತು. ಎಷ್ಟು ಒಳ್ಳೆಯ ದಾರಿಯನ್ನು ಅವನೇ ತೆರೆದು ಕೊಟ್ಟಿದ್ದ. ಹೌದು, ಬೆಸುಗೆ ಡ್ರೈ ಆಗಿದೆ, ಸರಿಯಾಗಿ ಹಿಡಿದಿಲ್ಲ ಎಂದರೆ ಮುಗಿಯುತ್ತಿತ್ತು. ಬಿಚ್ಚಿ ಬೆಸೆಯುವುದಕ್ಕೆ ಇನ್ನೊಂದು ಭಾನುವಾರ, ಸ್ವಿಚ್ ತರಿಸುವುದಕ್ಕೆ ಇನ್ನೊಂಬತ್ತು ದಿನ. ಅದರಾಚೆ ಇನ್ನೇನಾದರೂ ಕಾರಣ ಸಿಕ್ಕೇ ಸಿಗುತ್ತಿತ್ತು. ವಾದ ನನ್ನ ನಾಲಗೆಯ ಮೇಲೆ ಸಿದ್ಧವಾಗಿ ಕೂತಿತ್ತು. ತಪ್ಪು ಬೆಸೆದಿದ್ದು ನಿಜವೇ ಆದ್ದರಿಂದ ಅದು ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ.

"ಸ್ವಿಚ್ ಕೆಲಸ ಮಾಡ್ತಿದೆ ಅಣ್ಣ," ಅಂದೆ.

ಅವನು ತಿರುಗಿದ. ನನ್ನ ಮುಖ ನೋಡಿದ. ತೆವಳಿಕೊಂಡು ಹೋಗಿ ಆಂಪ್ಲಿಫೈಯರಿನ ಜಾಲರಿಗೆ ಅಂಗೈ ಒತ್ತಿ ಹಿಡಿದು, ಇನ್ನೊಂದ್ಸಲ ಮಾಡು ಎಂದ. ಮಾಡಿದೆ. ಮೇಲೆ, ನಡುವೆ. ಮೇಲೆ, ನಡುವೆ. ಮೂರನೆಯ ಸಲಕ್ಕೆ ಅವನು ಕಣ್ಣು ಮುಚ್ಚಿದ. ಅಂಗೈಗೆ ನಡುಕ ಬಂದು ಹೋಗುತ್ತಿದ್ದದ್ದು ಅವನ ಮುಖದಲ್ಲೇ ಕಾಣುತ್ತಿತ್ತು.

"ಕೈಗೆ ಗೊತ್ತಾಗ್ತಿದೆ," ಅಂದ. ಕಣ್ಣು ತೆರೆದು, "ನಾನು ಅವತ್ತೇ ಕೇಳಿದ್ನಲ್ಲ ನಿನ್ನ."

ಬೈದಿದ್ದರೆ ಎದುರು ಮಾತಾಡಬಹುದಿತ್ತು. ಅವನು ಬೈಯಲಿಲ್ಲ. ಅವ್ವ ಬಾಗಿಲಲ್ಲೇ ನಿಂತು ನಮ್ಮಿಬ್ಬರ ಮುಖವನ್ನೂ ನೋಡುತ್ತಿದ್ದಳು. ಕೈಯ ಹಿಟ್ಟು ಒಣಗುತ್ತಿತ್ತು. ಏನಾತು ಎಂದು ಅವಳು ಎರಡು ಸಲ ಕೇಳಿದಳು. ಹೇಳುವುದು ನನ್ನ ಪಾಲಿಗೆ ಬಂತು.

ಸೋಮವಾರ ಹೆಬ್ಬಾಳದ ಕಡೆ ಒಂದು ಆಸ್ಪತ್ರೆಗೆ ಹೋದೆವು. ಕಿವಿ ಪರೀಕ್ಷೆಗೆ ಗಾಜಿನ ಕಿಟಕಿಯಿರುವ ಪುಟ್ಟ ಕೋಣೆಯೊಳಗೆ ಅಣ್ಣನನ್ನು ಕೂರಿಸಿ, ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗಲೆಲ್ಲ ಬೆರಳೆತ್ತಬೇಕು ಎಂದು ಹೇಳಿದರು. ನಾನು ಹೊರಗೆ, ಯಂತ್ರ ತಿರುಗಿಸುವ ಹುಡುಗಿಯ ಹಿಂದೆ ನಿಂತಿದ್ದೆ. ತೆಳು ಸದ್ದುಗಳಿಗೆ ಬೆರಳು ಥಟ್ಟನೆ ಏಳುತ್ತಿತ್ತು. ಆಮೇಲೆ ಅವಳು ದಪ್ಪ ಸದ್ದುಗಳ ಕಡೆ ಬಂದಳು. ಗುಂಡಿ ತಿರುಗಿಸಿದಳು, ಒತ್ತಿದಳು, ಕಾದಳು. ಇನ್ನಷ್ಟು ತಿರುಗಿಸಿದಳು. ಗಾಜಿನಾಚೆ ಅಣ್ಣ ತೊಡೆಯ ಮೇಲೆ ಕೈಯಿಟ್ಟುಕೊಂಡು, ಪರೀಕ್ಷೆಯಲ್ಲಿ ಉತ್ತರ ಹೊಳೆಯದ ಹುಡುಗನ ಹಾಗೆ ನೆಲ ನೋಡುತ್ತಾ ಕೂತಿದ್ದ. ಅವಳು ಇನ್ನೂ ತಿರುಗಿಸಿದಳು. ಈಗ ಎತ್ತು, ಈಗ ಎತ್ತು ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಒಂದು ಹಂತದಲ್ಲಿ ಬೆರಳು ಅರ್ಧ ಎದ್ದು, ಅನುಮಾನಿಸಿ, ಕೆಳಗಿಳಿಯಿತು.

ಡಾಕ್ಟರಮ್ಮ ಗೆರೆ ಎಳೆದ ಕಾಗದ ನೋಡಿ, ಎಡಗಿವಿಯಲ್ಲಿ ಹೆಚ್ಚು, ಬಲಗಿವಿಯಲ್ಲೂ ಶುರುವಾಗಿದೆ ಅಂದರು. ಎಷ್ಟು ದಿನದಿಂದ ಎಂದು ಕೇಳಿದರು. ಅಣ್ಣ ಹತ್ತು ದಿನ ಅಂದ. ನಾನು ನಲವತ್ತು ದಿನ ಎಂದು ತಿದ್ದಿದೆ. ಅವರು ಪೆನ್ನು ಕೆಳಗಿಟ್ಟರು. ಮೊದಲ ಒಂದೆರಡು ವಾರದಲ್ಲಿ ಬಂದಿದ್ದರೆ ಔಷಧಿಗೆ ದಾರಿ ಹೆಚ್ಚಿರುತ್ತಿತ್ತು, ಈಗಲೂ ಕೊಡುತ್ತೇನೆ, ಆದರೆ ಕಳೆದುಹೋದದ್ದು ಎಷ್ಟು ವಾಪಸ್ ಬರುತ್ತದೆ ಎಂದು ಹೇಳಲಾರೆ, ಬರದೆಯೂ ಇರಬಹುದು ಅಂದರು. ಯಾಕೆ ತಡ ಮಾಡಿದಿರಿ ಎಂದೂ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಣ್ಣ, "ಗಿಟಾರ್ ಕೆಟ್ಟಿದೆ ಅಂದ್ಕೊಂಡಿದ್ದೆ ಮೇಡಂ," ಅಂದುಬಿಟ್ಟ. ಅದು ಅವನ ತಪ್ಪಲ್ಲ ಎಂದು ಅಲ್ಲಿ ನಾನು ಹೇಳಲಿಲ್ಲ. ಈಗಲಾದರೂ ಬರೆಯುತ್ತಿದ್ದೇನೆ.

ಹೊರಗೆ ಔಷಧಿ ಅಂಗಡಿಯ ಮುಂದೆ ಜನ ತುಂಬಿದ್ದರು. ಟೋಕನ್ ನಂಬರುಗಳನ್ನು ಕೂಗುತ್ತಿದ್ದರು, ಒಂದು ಮಗು ಹಟ ಮಾಡುತ್ತಿತ್ತು. ಬೆಂಚಿನ ಮೇಲೆ ಕೂತ ಅಣ್ಣ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ, ಬಿಚ್ಚಿ, ಮತ್ತೆ ಮಡಿಸುತ್ತಿದ್ದ.

"ಡಾಕ್ಟರ್ ಕೊನೇಲಿ ಹೇಳಿದ್ದು ನಂಗೆ ಸರಿಯಾಗಿ ಗೊತ್ತಾಗ್ಲಿಲ್ಲ. ವಾಪಸ್ ಬರುತ್ತೆ ಅಂದ್ರಾ? ನೀನ್ ಹೇಳು. ನೀನ್ ಹೇಳಿದ್ರೆ ನಂಬ್ತೀನಿ."

ಬರುತ್ತದೆ ಎಂದು ಸಾಧಿಸಲು ನನಗೆ ಒಂದು ನಿಮಿಷ ಸಾಕಿತ್ತು. ಅವನ ವಯಸ್ಸು, ಬಲಗಿವಿಯಲ್ಲಿ ಉಳಿದಿರುವುದು, ಔಷಧಿ. ಮೂರು ಅಂಶ ತಾವಾಗಿಯೇ ಸಾಲಾಗಿ ನಿಂತಿದ್ದವು. ಅವನು ನನ್ನ ತುಟಿಯನ್ನೇ ನೋಡುತ್ತಿದ್ದ.

"ಎಷ್ಟು ಬರುತ್ತೆ ಅಂತ ಹೇಳಕ್ಕಾಗಲ್ಲ ಅಂದ್ರು. ಬರದೇನೂ ಇರಬಹುದು ಅಂದ್ರು," ಅಂದೆ.

ಅವನು ಬಲಗಿವಿಯನ್ನು ನನ್ನ ಕಡೆ ತಿರುಗಿಸಿ, ಏನು ಎಂದು ಕೇಳಿದ. ಗಲಾಟೆಯಲ್ಲಿ ಕೇಳಿಸಿರಲಿಲ್ಲ. ನಾನು ಅದೇ ಮಾತನ್ನು ಇನ್ನೊಂದು ಸಲ, ಗಟ್ಟಿಯಾಗಿ, ಬೆಂಚಿನಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದೆ.